ಎಲ್ ಬೋರ್ಡು, ವಿಮೆ ಮತ್ತು ಪಕ್ಕದಲ್ಲಿ ಕುಳಿತವನ ಹೊಣೆ

ಕಳೆದ ತಿಂಗಳು ಅಣ್ಣನ ಮಗನ ಮನೆಗೆ ಹೋಗಿದ್ದೆ. ಅವನ ಮಗಳು ಈಗ ಪದವಿ ತರಗತಿಯಲ್ಲಿ ಓದುತ್ತಿದ್ದಾಳೆ. ಕಾಫಿ ಲೋಟ ಕೆಳಗಿಡುವ ಮೊದಲೇ ಅವಳು ತನ್ನ ಕಲಿಕಾ ಪರವಾನಗಿಯ ಹಾಳೆಯನ್ನು ತಂದು ನನ್ನ ಕೈಗಿತ್ತು, "ಚಿಕ್ಕಜ್ಜ, ನಾನು ಅಪ್ಪನ ಕಾರಿನಲ್ಲೇ ಡ್ರೈವಿಂಗ್ ಕಲಿಯುತ್ತೇನೆ. ನಾನು ಓಡಿಸುವಾಗ ಏನಾದರೂ ಆದರೆ ಅಪ್ಪನ ಇನ್ಷೂರೆನ್ಸ್ ನನಗೂ ಅನ್ವಯಿಸುತ್ತದೆಯೆ?" ಎಂದು ಕೇಳಿದಳು. ಅವಳ ತಂದೆ ಏನೂ ಹೇಳದೆ ಎದ್ದು ಒಳಗೆ ಹೋದ. ಅವನು ಏಕೆ ಎದ್ದು ಹೋದನೆಂಬುದು ಆ ಮನೆಯಲ್ಲಿ ನನಗೆ ಮಾತ್ರ ತಿಳಿದಿತ್ತು.

ಅವಳಿಗೆ ಅಂದು ಚುಟುಕಾಗಿ ಉತ್ತರಿಸಿದೆ. ಆದರೆ ಮೂವತ್ತಮೂರು ವರ್ಷ ಮಕ್ಕಳಿಗೆ ಇತಿಹಾಸ ಹೇಳಿಕೊಟ್ಟವನಿಗೆ ಚುಟುಕು ಉತ್ತರದಲ್ಲಿ ಸಮಾಧಾನವಿರುವುದಿಲ್ಲ. ಪ್ರತಿಯೊಂದು ಕಾನೂನಿನ ಹಿಂದೆಯೂ ಯಾರೋ ಒಬ್ಬರ ಕಣ್ಣೀರಿದೆ ಎಂದು ತರಗತಿಯಲ್ಲಿ ನಾನು ಹೇಳುತ್ತಿದ್ದುದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಈ ಪುಟ್ಟ ಪ್ರಶ್ನೆಯ ಹಿಂದೆಯೂ ಒಂದು ದೀರ್ಘ ಚರಿತ್ರೆಯಿದೆ. ಅದರೊಳಗೆ ನಮ್ಮ ಮನೆಯದೇ ಒಂದು ಅಧ್ಯಾಯವೂ ಇದೆ. ಇದುವರೆಗೆ ಬರೆಯಲು ಹಿಂಜರಿದಿದ್ದ ಆ ಅಧ್ಯಾಯವನ್ನು ಇಂದು ಬರೆಯುತ್ತಿದ್ದೇನೆ.

ಮೊದಲು ಕಾರು ಬಂದಿತು, ಕಾನೂನು ಆಮೇಲೆ

1896ರ ಆಗಸ್ಟ್ 17ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಆವರಣದಲ್ಲಿ ಬ್ರಿಜೆಟ್ ಡ್ರಿಸ್ಕಾಲ್ ಎಂಬ ಮಹಿಳೆ ಕಾರು ಬಡಿದು ಮೃತಳಾದಳು. ಬ್ರಿಟನ್ನಿನಲ್ಲಿ ಪೆಟ್ರೋಲ್ ಕಾರಿಗೆ ಬಲಿಯಾದ ಮೊದಲ ಪಾದಚಾರಿ ಅವಳೆಂದು ದಾಖಲೆ ಹೇಳುತ್ತದೆ. ಆಗ ಕಾರು ಓಡಿಸಲು ಪರವಾನಗಿ ಬೇಕಿರಲಿಲ್ಲ, ಪರೀಕ್ಷೆಯೂ ಇರಲಿಲ್ಲ, ವಿಮೆ ಇರಲೇಬೇಕೆಂಬ ನಿಯಮವೂ ಇರಲಿಲ್ಲ.

1903ರ ಮೋಟಾರು ಕಾರು ಕಾಯ್ದೆಯು ಚಾಲಕನಿಗೆ ಪರವಾನಗಿ ಇರಬೇಕೆಂದು ವಿಧಿಸಿತು. ಆದರೆ ಐದು ಶಿಲ್ಲಿಂಗ್ ಕೊಟ್ಟವನಿಗೆ ಅದು ಸಿಗುತ್ತಿತ್ತು. ಅವನಿಗೆ ಓಡಿಸಲು ಬರುತ್ತದೆಯೆ ಎಂದು ಯಾರೂ ಪರೀಕ್ಷಿಸುತ್ತಿರಲಿಲ್ಲ. ಕೊಂಡ ದಿನವೇ ರಸ್ತೆಗಿಳಿದು, ರಸ್ತೆಯ ಮೇಲೆಯೇ ಕಲಿಯುವುದು ರೂಢಿಯಾಗಿತ್ತು.

ಇದರ ಪರಿಣಾಮ 1930ರ ಹೊತ್ತಿಗೆ ಅಂಕಿಗಳಲ್ಲಿ ಕಾಣಿಸಿಕೊಂಡಿತು. ಆ ಒಂದೇ ವರ್ಷದಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ ಏಳು ಸಾವಿರಕ್ಕೂ ಹೆಚ್ಚು ಜನ ಸತ್ತರು. ಕೈಕಾಲು ಮುರಿದುಕೊಂಡವನು ನ್ಯಾಯಾಲಯಕ್ಕೆ ಹೋಗಿ ಗೆದ್ದರೂ, ಸೋತ ಚಾಲಕನ ಬಳಿ ಹಣವಿಲ್ಲದಿದ್ದರೆ ತೀರ್ಪಿನ ಪ್ರತಿಯೊಂದೇ ಅವನ ಪಾಲಿಗೆ ಉಳಿಯುತ್ತಿತ್ತು. ಈ ಅನ್ಯಾಯವನ್ನು ತಪ್ಪಿಸಲೆಂದೇ 1930ರ ರಸ್ತೆ ಸಂಚಾರ ಕಾಯ್ದೆಯು ಮೂರನೆಯವರ ವಿಮೆಯನ್ನು, ಅಂದರೆ ನಾವು ಇಂದು 'ಥರ್ಡ್ ಪಾರ್ಟಿ' ಎನ್ನುವುದನ್ನು, ಕಡ್ಡಾಯಗೊಳಿಸಿತು. ಅದು ಜಾರಿಗೆ ಬಂದುದು 1931ರ ಜನವರಿ 1ರಂದು.

ಇಲ್ಲಿ 'ಮೂರನೆಯವರು' ಎಂದರೆ ಯಾರು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು. ವಿಮಾ ಕರಾರಿನಲ್ಲಿ ವಾಹನದ ಮಾಲೀಕ ಮೊದಲನೆಯವನು, ವಿಮಾ ಕಂಪನಿ ಎರಡನೆಯದು. ಕರಾರಿಗೆ ಸಹಿ ಹಾಕದೆ, ಅದರ ಗೊಡವೆಯೇ ಇಲ್ಲದೆ ರಸ್ತೆಯಲ್ಲಿ ತನ್ನ ಪಾಡಿಗೆ ತಾನು ಹೋಗುತ್ತಿರುವವನು ಮೂರನೆಯವನು. ಕಡ್ಡಾಯ ವಿಮೆ ಹುಟ್ಟಿದ್ದು ಅವನಿಗಾಗಿ. ಕಾರಿನವನ ಹಣ ಉಳಿಸುವುದು ಅದರ ಮೂಲ ಉದ್ದೇಶವಲ್ಲ.

ಕಾರನ್ನು ಇನ್ನೊಬ್ಬರ ಕೈಗೆ ಕೊಡುವವನ ಹೊಣೆ ಎಷ್ಟೆಂಬುದು 'ಮಾಂಕ್ ವಿರುದ್ಧ ವಾರ್ಬಿ' ಎಂಬ ಪ್ರಕರಣದಲ್ಲಿ ನಿರ್ಧಾರವಾಯಿತು. ಮಾಲೀಕನು ತನ್ನ ಕಾರನ್ನು ಸ್ನೇಹಿತನಿಗೆ ಎರವಲು ಕೊಟ್ಟಿದ್ದ. ವಿಮೆ ಆ ಸ್ನೇಹಿತನಿಗೆ ಅನ್ವಯಿಸುತ್ತಿರಲಿಲ್ಲ. ಅಪಘಾತದಲ್ಲಿ ಗಾಯಗೊಂಡವನಿಗೆ ಮಾಲೀಕನೇ ನೇರವಾಗಿ ಪರಿಹಾರ ತೆರಬೇಕೆಂದು ನ್ಯಾಯಾಲಯ ಹೇಳಿತು. ಕೀಲಿಕೈ ಕೊಟ್ಟವನು ಕೈ ತೊಳೆದುಕೊಳ್ಳುವಂತಿಲ್ಲ ಎಂಬ ತತ್ತ್ವ ಅಂದಿಗೇ ಸ್ಥಿರಪಟ್ಟಿತು.

ಕೆಂಪು ಅಕ್ಷರದ ಹುಟ್ಟು

ವಿಮೆ ಬಂದರೂ ಸಾವುಗಳು ನಿಲ್ಲಲಿಲ್ಲ. 1934ರಲ್ಲಿ ಮತ್ತೊಂದು ಕಾಯ್ದೆಯ ಮೂಲಕ ಚಾಲನಾ ಪರೀಕ್ಷೆಯನ್ನು ತರಲಾಯಿತು. ಸಾರಿಗೆ ಸಚಿವ ಲೆಸ್ಲಿ ಹೋರ್-ಬೆಲಿಷಾ ಅವರ ಕಾಲದಲ್ಲಿ, 1935ರ ಜೂನ್ 1ರಿಂದ, ಹೊಸ ಚಾಲಕರಿಗೆ ಪರೀಕ್ಷೆ ಕಡ್ಡಾಯವಾಯಿತು. ಕಲಿಯುವವರನ್ನು ಇತರರು ಗುರುತಿಸಲೆಂದು ಬಿಳಿಯ ಹಿನ್ನೆಲೆಯ ಮೇಲೆ ಕೆಂಪು 'ಎಲ್' ಅಕ್ಷರದ ಫಲಕ ಬಂದದ್ದೂ ಅದೇ ವರ್ಷ. ಇಂದು ನಮ್ಮ ಊರಿನ ಬೀದಿಗಳಲ್ಲಿ ಓಡಾಡುವ ಎಲ್ ಬೋರ್ಡಿನ ಕಾರುಗಳ ವಂಶವೃಕ್ಷ ಅಲ್ಲಿಗೆ ಹೋಗಿ ಮುಟ್ಟುತ್ತದೆ.

ಕಲಿಯುವವನ ಪಕ್ಕದಲ್ಲಿ ಪರವಾನಗಿ ಉಳ್ಳವನೊಬ್ಬ ಕುಳಿತಿರಬೇಕೆಂಬ ನಿಯಮ ಈ ಏರ್ಪಾಡಿನ ಜೀವಾಳ. ಬ್ರಿಟನ್ನಿನಲ್ಲಿ ಅದನ್ನು ಸಡಿಲಿಸಿದ ಪ್ರಸಂಗಗಳು ವಿರಳ. ಸೂಯೆಜ್ ಬಿಕ್ಕಟ್ಟಿನಿಂದ ಪೆಟ್ರೋಲಿಗೆ ಅಭಾವ ಬಂದು, 1956ರ ನವೆಂಬರಿನಿಂದ 1957ರ ಏಪ್ರಿಲ್ ವರೆಗೆ ಚಾಲನಾ ಪರೀಕ್ಷೆಗಳು ನಿಂತುಹೋದಾಗ, ಕಲಿಯುವವರು ಒಂಟಿಯಾಗಿ ಓಡಿಸಲು ಅನುಮತಿ ಕೊಡಲಾಗಿತ್ತು. ಈಜಿಪ್ಟಿನ ಕಾಲುವೆಯ ಜಗಳ ಇಂಗ್ಲೆಂಡಿನ ಹುಡುಗನ ಡ್ರೈವಿಂಗ್ ಪಾಠವನ್ನು ಬದಲಿಸಿತೆಂದರೆ, ಇತಿಹಾಸದಲ್ಲಿ ಯಾವ ಘಟನೆಯೂ ಒಂಟಿಯಲ್ಲ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕೆ?

ಗಂಡನ ಕಾರು, ಹೆಂಡತಿಯ ಕಲಿಕೆ, ಸ್ನೇಹಿತನ ಮೊಣಕಾಲು

ಕುಟುಂಬದವರ ಕಾರಿನಲ್ಲಿ ಕಲಿಯುವವರ ವಿಷಯದಲ್ಲಿ ಅತ್ಯಂತ ಪ್ರಸಿದ್ಧವಾದುದು 'ನೆಟಲ್‌ಶಿಪ್ ವಿರುದ್ಧ ವೆಸ್ಟನ್' ಪ್ರಕರಣ. ಕಾನೂನು ಓದುವ ಮಕ್ಕಳು ಇಂದಿಗೂ ಇದನ್ನು ಓದುತ್ತಾರೆ. 1967ರಲ್ಲಿ ಒಬ್ಬ ಗೃಹಿಣಿ ತನ್ನ ಗಂಡನ ಕಾರಿನಲ್ಲಿ ಡ್ರೈವಿಂಗ್ ಕಲಿಯಬಯಸಿ, ಕುಟುಂಬದ ಸ್ನೇಹಿತನೊಬ್ಬನನ್ನು ಕಲಿಸಿಕೊಡುವಂತೆ ಕೇಳಿಕೊಂಡಳು. ಅವನು ವೃತ್ತಿಯ ಶಿಕ್ಷಕನಲ್ಲ. ಆದರೆ ಬುದ್ಧಿವಂತ. ಕಾರು ಹತ್ತುವ ಮೊದಲೇ, 'ಅಪಘಾತವಾದರೆ ಪಕ್ಕದಲ್ಲಿ ಕುಳಿತ ನನಗೆ ವಿಮೆ ಅನ್ವಯಿಸುತ್ತದೆಯೆ?' ಎಂದು ವಿಚಾರಿಸಿದ. ದಂಪತಿಗಳು ಪಾಲಿಸಿಯನ್ನು ತೋರಿಸಿ ಅವನಿಗೆ ಖಾತ್ರಿ ಮಾಡಿಕೊಟ್ಟರು.

ಮೂರನೆಯ ಪಾಠದ ದಿನ, ಎಡಕ್ಕೆ ತಿರುಗಿದ ಆಕೆ ಸ್ಟಿಯರಿಂಗನ್ನು ಮತ್ತೆ ನೇರ ಮಾಡಲಿಲ್ಲ. ಸ್ನೇಹಿತ ಹ್ಯಾಂಡ್ ಬ್ರೇಕ್ ಎಳೆದು ಸ್ಟಿಯರಿಂಗ್ ಹಿಡಿದರೂ ಕಾರು ಪಾದಚಾರಿ ಮಾರ್ಗವನ್ನೇರಿ ದೀಪದ ಕಂಬಕ್ಕೆ ಬಡಿಯಿತು. ಅವನ ಮೊಣಕಾಲಿನ ಚಿಪ್ಪು ಮುರಿಯಿತು.

1971ರಲ್ಲಿ ಲಾರ್ಡ್ ಡೆನಿಂಗ್ ಅವರಿದ್ದ ಮೇಲ್ಮನವಿ ಪೀಠ ಕೊಟ್ಟ ತೀರ್ಪು ಹೀಗಿತ್ತು: ಕಲಿಯುವವಳಾದರೂ, ರಸ್ತೆಗಿಳಿದ ಮೇಲೆ ನುರಿತ ಚಾಲಕನಿಗಿರುವಷ್ಟೇ ಹೊಣೆ ಆಕೆಗೂ ಇರುತ್ತದೆ. ಕೈಲಾದಷ್ಟು ಪ್ರಯತ್ನಿಸಿದೆ ಎಂಬುದು ಉತ್ತರವಾಗದು. ಇದು ಕಠೋರವೆಂದು ಮೊದಲು ತೋರುತ್ತದೆ. ಆದರೆ ಡೆನಿಂಗ್ ಅವರ ತರ್ಕದ ತಿರುಳು ವಿಮೆಯಲ್ಲಿತ್ತು. ನೈತಿಕವಾಗಿ ಆಕೆಯ ತಪ್ಪು ಹೆಚ್ಚಿಲ್ಲದಿರಬಹುದು, ಆದರೆ ವಿಮೆ ಇರುವುದು ಆಕೆಯ ಕಡೆಗೆ. ಆದ್ದರಿಂದ ನಷ್ಟದ ಭಾರವೂ ಆ ಕಡೆಗೇ ಹೋಗಬೇಕು ಎಂದು ಅವರು ವಾದಿಸಿದರು. ಜೊತೆಗೆ, ಕಲಿಸುವವನೂ ಕಾರಿನ ಹತೋಟಿಯಲ್ಲಿ ಪಾಲುದಾರನೆಂಬ ಕಾರಣದಿಂದ ಅವನ ಪರಿಹಾರವನ್ನು ಅರ್ಧಕ್ಕೆ ಇಳಿಸಲಾಯಿತು. ಪಕ್ಕದ ಆಸನದಲ್ಲಿ ಕುಳಿತವನು ಬರಿಯ ಪ್ರಯಾಣಿಕನಲ್ಲ ಎಂಬ ಮಾತು ಇಲ್ಲಿ ಅಡಗಿದೆ. ಈ ಪ್ರಕರಣವನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ನಮ್ಮ ದೇಶಕ್ಕೆ ಬಂದ ಬಗೆ

ಬ್ರಿಟಿಷ್ ಇಂಡಿಯಾದಲ್ಲಿ 1914ರ ಮೋಟಾರು ವಾಹನ ಕಾಯ್ದೆಯು ನೋಂದಣಿ ಮತ್ತು ಪರವಾನಗಿಗಳನ್ನು ತಂದಿತು. ವಿಮೆಯ ಕಡ್ಡಾಯ ಅದರಲ್ಲಿರಲಿಲ್ಲ. 1939ರ ಕಾಯ್ದೆಯಲ್ಲಿ ವಿಮೆಗೆಂದೇ ಒಂದು ಅಧ್ಯಾಯ ಬಂದಿತು. ಆದರೆ ಕಾಯ್ದೆಯ ಉಳಿದ ಭಾಗ 1939ರಲ್ಲೇ ಜಾರಿಯಾದರೂ, ಆ ಅಧ್ಯಾಯ ಮಾತ್ರ 1946ರ ಜುಲೈ 1ರವರೆಗೆ ಕಾಯಬೇಕಾಯಿತು. 1956ರ ತಿದ್ದುಪಡಿಯಿಂದ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗಳು ಹುಟ್ಟಿದವು. ಗಾಯಾಳು ಸಿವಿಲ್ ನ್ಯಾಯಾಲಯದ ಮೆಟ್ಟಿಲುಗಳನ್ನೇ ಸವೆಸಬೇಕೆಂಬ ಕಷ್ಟ ಸ್ವಲ್ಪ ತಗ್ಗಿತು. ಇಂದು ನಮ್ಮನ್ನು ಆಳುತ್ತಿರುವುದು 1988ರ ಕಾಯ್ದೆ ಮತ್ತು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು.

ಕಾನೂನಿನ ಮಾತುಗಳನ್ನು ನಾವು ಇಂಗ್ಲೆಂಡಿನಿಂದಲೇ ತಂದುಕೊಂಡರೂ ರೂಢಿಯಲ್ಲಿ ಒಂದು ವ್ಯತ್ಯಾಸ ಬೆಳೆಯಿತು. ಅಲ್ಲಿ ವಿಮೆ ಬಹುಮಟ್ಟಿಗೆ ವ್ಯಕ್ತಿಯನ್ನು ಹಿಂಬಾಲಿಸುತ್ತದೆ. ಮಗಳು ಅಪ್ಪನ ಕಾರಿನಲ್ಲಿ ಕಲಿಯಬೇಕಾದರೆ ಅವಳ ಹೆಸರನ್ನು ಪಾಲಿಸಿಯಲ್ಲಿ ಸೇರಿಸಬೇಕು, ಇಲ್ಲವೆ ಅವಳಿಗೆಂದೇ ಬೇರೆ ಪಾಲಿಸಿ ಕೊಳ್ಳಬೇಕು. ಇಂಗ್ಲೆಂಡಿನಲ್ಲಿ ನೆಲೆಸಿರುವ ನನ್ನ ವಿದ್ಯಾರ್ಥಿಗಳಿಗೆ ಇದು ಚೆನ್ನಾಗಿ ತಿಳಿದಿರುತ್ತದೆ. ನಮ್ಮಲ್ಲಿ ವಿಮೆ ವಾಹನವನ್ನು ಹಿಂಬಾಲಿಸುತ್ತದೆ. ಖಾಸಗಿ ಕಾರಿನ ಪಾಲಿಸಿಯಲ್ಲಿ 'ಚಾಲಕರ ಷರತ್ತು' ಎಂಬ ಒಂದು ಭಾಗವಿರುತ್ತದೆ. ಊರ್ಜಿತ ಪರವಾನಗಿಯುಳ್ಳ ಯಾರೇ ಆಗಲಿ ಓಡಿಸಬಹುದು. ಕಲಿಕಾ ಪರವಾನಗಿಯುಳ್ಳವರೂ ಓಡಿಸಬಹುದು, ಆದರೆ ಅವರು 1989ರ ನಿಯಮಗಳ 3ನೆಯ ನಿಯಮವನ್ನು ಪಾಲಿಸಿರಬೇಕು ಎಂಬುದು ಅದರ ಸಾರ.

ಆ 3ನೆಯ ನಿಯಮ ಹೇಳುವುದು ಮೂರು ಮಾತು. ಕಲಿಕಾ ಪರವಾನಗಿ ಊರ್ಜಿತವಾಗಿರಬೇಕು. ವಾಹನದ ಮುಂದೆಯೂ ಹಿಂದೆಯೂ 18 ಸೆಂಟಿಮೀಟರ್ ಚೌಕದ ಬಿಳಿಯ ಹಿನ್ನೆಲೆಯಲ್ಲಿ ಕೆಂಪು 'ಎಲ್' ಅಕ್ಷರ ಇರಬೇಕು. ಮತ್ತು, ಆ ಬಗೆಯ ವಾಹನ ಓಡಿಸುವ ಪರವಾನಗಿಯುಳ್ಳವನೊಬ್ಬನು ವಾಹನವನ್ನು ಹತೋಟಿಗೆ ತರಲು ಅಥವಾ ನಿಲ್ಲಿಸಲು ಸಾಧ್ಯವಾಗುವಂತೆ ಪಕ್ಕದಲ್ಲಿ ಕುಳಿತಿರಬೇಕು.

ಈ ಮೂರನೆಯ ಮಾತಿನ ಬಳಿ ನಾನು ನಿಲ್ಲಬೇಕು.

1986ರ ಬೇಸಿಗೆ

ಆಗ ನನಗೆ ಇಪ್ಪತ್ತೇಳು ವರ್ಷ. ಬಿ.ಎಡ್. ಮುಗಿಸಿ ಪ್ರೌಢಶಾಲೆಯ ಅಧ್ಯಾಪಕನಾಗಿ ಮೂರು ವರ್ಷವಾಗಿತ್ತು. ಬೇಸಿಗೆ ರಜೆಯಲ್ಲಿ ಮಲೆನಾಡಿನ ನಮ್ಮ ಊರಿಗೆ ಹೋಗಿದ್ದೆ. ನನಗಿಂತ ಬಹಳ ಹಿರಿಯನಾದ ದೊಡ್ಡಣ್ಣ ಹಳೆಯದೊಂದು ಪ್ರೀಮಿಯರ್ ಪದ್ಮಿನಿ ಕಾರನ್ನು ಕೊಂಡಿದ್ದ. ಅವನ ಮಗನಿಗೆ ಹದಿನೆಂಟು ತುಂಬಿ ಎಲ್.ಎಲ್. ಬಂದಿತ್ತು. ಅಣ್ಣನೇ ಪಕ್ಕದಲ್ಲಿ ಕುಳಿತು ಕಲಿಸುತ್ತಿದ್ದ. ಒಂದು ಸಂಜೆ ಅಣ್ಣನಿಗೆ ಅಡಿಕೆ ಮಂಡಿಯಲ್ಲಿ ಕೆಲಸ ಬಿತ್ತು. ಹುಡುಗ ಬಿಡಲಿಲ್ಲ. ಆಗ ಅಣ್ಣ ನಗುತ್ತ, "ನೀನು ಕೂತ್ಕೋ ಮಾರಾಯ. ಮೇಷ್ಟ್ರು ಪಕ್ಕದಲ್ಲಿದ್ದರೆ ಹೆದರಿ ನಿಧಾನ ಓಡಿಸ್ತಾನೆ" ಎಂದ.

ನನಗೆ ಸೈಕಲ್ ಬಿಟ್ಟು ಬೇರೇನೂ ಓಡಿಸಲು ಬರುತ್ತಿರಲಿಲ್ಲ. ಅದು ಅಣ್ಣನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ಕುಳಿತೆ. ಕಾರಿನ ಮುಂದಿನ ಆಸನದಲ್ಲಿ ಊರವರ ಕಣ್ಣಿಗೆ ಬೀಳುವ ಸಂತೋಷವೂ ಅದರಲ್ಲಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

ಹಾಲಿನ ಡೈರಿಯ ತಿರುವಿನಲ್ಲಿ ಎದುರಿನಿಂದ ಬಸ್ಸು ಬಂದಿತು. ಹುಡುಗ ಗಾಬರಿಯಾಗಿ ಎಡಕ್ಕೆ ಎಳೆದ. ಬ್ರೇಕಿಗೆ ಬದಲು ಆಕ್ಸಿಲರೇಟರ್ ತುಳಿದ. ಡೈರಿಗೆ ಹಾಲು ಹಾಕಿ ಖಾಲಿ ಕ್ಯಾನುಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಮರಳುತ್ತಿದ್ದ ಒಬ್ಬ ರೈತರು ನಮ್ಮ ಕಾರಿನ ಮುಂದೆ ಬಿದ್ದರು. ಇಂಗ್ಲೆಂಡಿನ ಆ ಸ್ನೇಹಿತ ಹ್ಯಾಂಡ್ ಬ್ರೇಕನ್ನಾದರೂ ಎಳೆದ. ನನಗೆ ಅದು ಎಲ್ಲಿದೆಯೆಂಬುದೂ ತಿಳಿದಿರಲಿಲ್ಲ. "ನಿಲ್ಲಿಸೋ, ನಿಲ್ಲಿಸೋ" ಎಂದು ಕೂಗಿದ್ದಷ್ಟೇ ನನ್ನ ಮೇಷ್ಟ್ರುತನ.

ಅವರ ಬಲಗಾಲು ಎರಡು ಕಡೆ ಮುರಿದಿತ್ತು. ಪ್ರಾಣಾಪಾಯವಾಗಲಿಲ್ಲವೆಂಬುದು ನಮ್ಮ ಪುಣ್ಯ. ಆದರೆ ಮುಂದೆ ಅವರು ಸೈಕಲ್ ಹತ್ತಲಿಲ್ಲ. ಆಸ್ಪತ್ರೆಯ ಮೊದಲ ಖರ್ಚನ್ನು ಅಣ್ಣ ಕೊಟ್ಟ. ಉಳಿದುದಕ್ಕೆ ವಿಮೆ ಇದೆಯಲ್ಲ ಎಂದು ಎಲ್ಲರೂ ನಂಬಿದ್ದೆವು. ನ್ಯಾಯಮಂಡಳಿಯಲ್ಲಿ ವಿಮಾ ಕಂಪನಿಯ ವಕೀಲರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮ ಬಳಿ ಡ್ರೈವಿಂಗ್ ಲೈಸೆನ್ಸ್ ಇತ್ತೆ?" ಅಣ್ಣನನ್ನು ಕೇಳಿದ್ದೂ ಒಂದೇ: "ಅವರಿಗೆ ಲೈಸೆನ್ಸ್ ಇಲ್ಲವೆಂದು ನಿಮಗೆ ಗೊತ್ತಿತ್ತೆ?" ಇಬ್ಬರೂ ಸುಳ್ಳು ಹೇಳಲಿಲ್ಲ. ಷರತ್ತು ಮುರಿದಿದೆ, ಅದೂ ಮಾಲೀಕನಿಗೆ ತಿಳಿದೇ ಮುರಿದಿದೆ ಎಂದಾಯಿತು. 1989ರಲ್ಲಿ ಪರಿಹಾರದ ಹೊಣೆ ಪೂರ್ತಿಯಾಗಿ ಅಣ್ಣನ ಮೇಲೆ ಬಿದ್ದಿತು. ಬಡ್ಡಿ ಸೇರಿ ಸುಮಾರು 32,000 ರೂಪಾಯಿ. ಕಾರು ಮಾರಿದ್ದು ಸಾಲದೆ ಮಂಡಿಯಲ್ಲಿ ಸಾಲವಾಯಿತು. ನನ್ನ ಸಂಬಳದಿಂದ ತಿಂಗಳು ತಿಂಗಳು ನಾನೂ ಕೊಟ್ಟೆ. ಅಣ್ಣ ಒಮ್ಮೆಯೂ ನನ್ನನ್ನು ದೂರಲಿಲ್ಲ.

ಆದರೆ ನಮ್ಮ ನಷ್ಟ ದೊಡ್ಡದಲ್ಲ. ಆ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಕಾದರು. ಆ ಅವಧಿಯಲ್ಲಿ ಅವರು ಹಸುಗಳನ್ನು ಮಾರಿದ್ದರು. ಹಣ ಕೊಡಲು ಹೋದ ದಿನ ಖಾಲಿ ಕೊಟ್ಟಿಗೆಯನ್ನು ನೋಡಿದೆ. ಮೂರನೆಯವನೆಂದರೆ ಯಾರೆಂಬುದು ನನಗೆ ಅಂದು ಅರ್ಥವಾಯಿತು.

ಆಮೇಲೆ ನ್ಯಾಯಾಲಯಗಳು ನಡೆದ ದಾರಿ

1987ರಲ್ಲಿ ಸುಪ್ರೀಂ ಕೋರ್ಟು 'ಸ್ಕ್ಯಾಂಡಿಯಾ ವಿರುದ್ಧ ಕೋಕಿಲಾಬೆನ್' ಪ್ರಕರಣದಲ್ಲಿ, ಮಾಲೀಕನು ತಾನೇ ತಿಳಿದು ಷರತ್ತು ಮುರಿಯದ ಹೊರತು ವಿಮಾ ಕಂಪನಿ ಗಾಯಾಳುವಿನ ಕಡೆಯವರಿಗೆ ಕೊಡಬೇಕಾದುದನ್ನು ತಪ್ಪಿಸಿಕೊಳ್ಳಲಾಗದು ಎಂದಿತು. 2004ರ ಜನವರಿಯಲ್ಲಿ 'ನ್ಯಾಷನಲ್ ಇನ್ಷೂರೆನ್ಸ್ ವಿರುದ್ಧ ಸ್ವರಣ್ ಸಿಂಗ್' ಪ್ರಕರಣದಲ್ಲಿ ಮೂವರು ನ್ಯಾಯಾಧೀಶರ ಪೀಠ ಇನ್ನೂ ಮುಂದೆ ಹೋಯಿತು. ಕಲಿಕಾ ಪರವಾನಗಿಯೂ ಪರವಾನಗಿಯೇ; ಚಾಲಕನು ಕಲಿಯುವವನು ಎಂಬ ಒಂದೇ ಕಾರಣಕ್ಕೆ ಕಂಪನಿ ಮೂರನೆಯವನನ್ನು ಬರಿಗೈಯಲ್ಲಿ ಕಳಿಸುವಂತಿಲ್ಲ ಎಂದು ಅದು ಹೇಳಿತು. ಷರತ್ತು ಮುರಿದಿದ್ದರೆ ಅದನ್ನು ರುಜುಪಡಿಸುವ ಭಾರ ಕಂಪನಿಯದು. ರುಜುವಾದರೂ, ಮೊದಲು ಗಾಯಾಳುವಿಗೆ ಕೊಟ್ಟು ಬಳಿಕ ಮಾಲೀಕನಿಂದ ವಸೂಲು ಮಾಡಿಕೊಳ್ಳುವಂತೆ ಆದೇಶಿಸಬಹುದು. ಈ 'ಮೊದಲು ಕೊಡು, ಆಮೇಲೆ ವಸೂಲು ಮಾಡು' ಎಂಬ ಕ್ರಮ ನಮ್ಮ ಪ್ರಕರಣದಲ್ಲಿ ನಡೆದಿದ್ದರೆ ಅಣ್ಣನಿಗೆ ಆಗುತ್ತಿದ್ದ ನಷ್ಟ ಅಷ್ಟೇ ಇರುತ್ತಿತ್ತು. ಆದರೆ ಆ ಕೊಟ್ಟಿಗೆ ಬಹುಶಃ ಖಾಲಿಯಾಗುತ್ತಿರಲಿಲ್ಲ.

ಇನ್ನೊಂದು ತೀರ್ಪು ಕರ್ನಾಟಕದಿಂದಲೇ ಹೋದ 'ನಿಂಗಮ್ಮ' ಪ್ರಕರಣದ್ದು, 2009ರದು. ಬೇರೊಬ್ಬರ ಬೈಕನ್ನು ಎರವಲು ಪಡೆದು ಹೋಗುತ್ತಿದ್ದವರೊಬ್ಬರು ಎತ್ತಿನ ಗಾಡಿಗೆ ಡಿಕ್ಕಿಯಾಗಿ ತೀರಿಕೊಂಡಿದ್ದರು. ವಾಹನವನ್ನು ಎರವಲು ಪಡೆದವನು ಮಾಲೀಕನ ಸ್ಥಾನದಲ್ಲೇ ನಿಲ್ಲುತ್ತಾನೆ, ಆದ್ದರಿಂದ ಅವನು ಆ ವಾಹನದ ವಿಮೆಗೆ 'ಮೂರನೆಯವ'ನಾಗುವುದಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತು. ಅಪ್ಪನ ಕಾರನ್ನು ಓಡಿಸುವ ಮಕ್ಕಳೆಲ್ಲರೂ ಗಮನಿಸಬೇಕಾದ ಮಾತಿದು.

ಮೊಮ್ಮಗಳಿಗೆ ಪೂರ್ಣ ಉತ್ತರ

ಆದ್ದರಿಂದ ಮಗು, ನಿನ್ನ ಪ್ರಶ್ನೆಯನ್ನು ಮೂರಾಗಿ ಒಡೆಯಬೇಕು.

ರಸ್ತೆಯಲ್ಲಿ ಹೋಗುವವರಿಗೆ ನಿನ್ನಿಂದ ಪೆಟ್ಟಾದರೆ, ಅಪ್ಪನ ಕಾರಿನ ಮೂರನೆಯವರ ವಿಮೆ ಅನ್ವಯಿಸುತ್ತದೆ. ಆದರೆ 3ನೆಯ ನಿಯಮ ಮುರಿದಿದ್ದರೆ ಆ ಹಣವನ್ನು ನಿನ್ನ ಅಪ್ಪನಿಂದ ವಸೂಲು ಮಾಡಬಹುದು.

ಕಾರಿಗೇ ಪೆಟ್ಟಾದರೆ, ಅಪ್ಪ ಸಮಗ್ರ ಪಾಲಿಸಿ ಮಾಡಿಸಿದ್ದರೆ ಮಾತ್ರ ದುರಸ್ತಿಯ ಹಣ ಬರುತ್ತದೆ. ಬರಿಯ ಥರ್ಡ್ ಪಾರ್ಟಿ ಇದ್ದರೆ ಬರುವುದಿಲ್ಲ. ಗೀರು, ತಗ್ಗುಗಳಂಥ ಸಣ್ಣ ದುರಸ್ತಿಗೆ ಹಣ ಕೇಳಿದರೆ ವರ್ಷಗಟ್ಟಲೆ ಕೂಡಿಬಂದ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಅದು 50 ಶೇಕಡಾವರೆಗೂ ಇರಬಹುದು. ಲೆಕ್ಕ ಹಾಕಿ ಕೇಳಬೇಕು.

ನಿನಗೇ ಪೆಟ್ಟಾದರೆ? ಇಲ್ಲಿಯೇ ಹೆಚ್ಚಿನವರು ಮೋಸಹೋಗುವುದು. ಪಾಲಿಸಿಯಲ್ಲಿ ಕಾಣುವ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಮಾಲೀಕನಿಗೆ ಮಾತ್ರ. ಮಾಲೀಕನು ಅಪ್ಪ, ನೀನಲ್ಲ. ನಿನಗೆಂದು ಬೇರೆ ವೈಯಕ್ತಿಕ ಅಪಘಾತ ವಿಮೆ ಮಾಡಿಸುವಂತೆ ಅಪ್ಪನಿಗೆ ಹೇಳು.

ನಿನ್ನ ತಮ್ಮನಿಗೂ ಒಂದು ಮಾತು. ಹದಿನೆಂಟು ತುಂಬುವ ಮೊದಲು ಕಾರಿನ ಕೀಲಿ ಮುಟ್ಟಕೂಡದು. 2019ರ ತಿದ್ದುಪಡಿಯ ನಂತರ, ಅಪ್ರಾಪ್ತ ವಯಸ್ಕರು ಓಡಿಸಿ ತಪ್ಪು ನಡೆದರೆ ಪೋಷಕರಿಗೆ ಅಥವಾ ಮಾಲೀಕನಿಗೆ ಮೂರು ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡವಿದೆ. ವಾಹನದ ನೋಂದಣಿಯೂ ಹನ್ನೆರಡು ತಿಂಗಳು ರದ್ದಾಗುತ್ತದೆ.

ಈ ಕಥೆಯನ್ನು ಬರೆಯಬಹುದೆ ಎಂದು ಅಣ್ಣನ ಮಗನನ್ನು ಕೇಳಿದೆ. ಅಪಘಾತದ ನಂತರ ಆರು ವರ್ಷ ಅವನು ಸ್ಟಿಯರಿಂಗ್ ಮುಟ್ಟಿರಲಿಲ್ಲ. "ಬರೆಯಿರಿ ಚಿಕ್ಕಪ್ಪ, ಅವಳೂ ಓದಲಿ" ಎಂದ. ಅಣ್ಣ ಈಗಿಲ್ಲ. ಆ ರೈತರೂ ಇಲ್ಲ.

ನಾನು 1990ರಲ್ಲಿ, ಕೊಳ್ಳಲು ಕಾರಿಲ್ಲದಿದ್ದರೂ, ಡ್ರೈವಿಂಗ್ ಶಾಲೆಗೆ ಸೇರಿ ಪರವಾನಗಿ ಪಡೆದೆ. ಕಾರಿಲ್ಲದ ಮೇಷ್ಟ್ರಿಗೆ ಲೈಸೆನ್ಸ್ ಏಕೆಂದು ಸಹೋದ್ಯೋಗಿಗಳು ನಕ್ಕರು. ಅಂದಿನಿಂದ ತಪ್ಪದೆ ನವೀಕರಿಸಿಕೊಂಡು ಬಂದಿದ್ದೇನೆ.

ಹೋದ ಭಾನುವಾರ ಮೊಮ್ಮಗಳು ಫೋನು ಮಾಡಿ, "ಅಪ್ಪನಿಗೆ ಬಿಡುವಿಲ್ಲವಂತೆ. ಚಿಕ್ಕಜ್ಜ, ನೀವು ಪಕ್ಕದಲ್ಲಿ ಕೂರುತ್ತೀರಾ?" ಎಂದಳು. ಹೋದೆ. ಕಾರಿನ ಮುಂದೆ ಹಿಂದೆ ಎಲ್ ಬೋರ್ಡನ್ನು ನೋಡಿದೆ. ಅವಳ ಎಲ್.ಎಲ್. ದಿನಾಂಕ ನೋಡಿದೆ, ಪಾಲಿಸಿಯ ದಿನಾಂಕ ನೋಡಿದೆ. ಜೇಬಿನಿಂದ ನನ್ನ ಲೈಸೆನ್ಸ್ ತೆಗೆದು ಅವಳ ಕೈಗೆ ಕೊಟ್ಟು, "ಇದನ್ನೂ ನೋಡು. ಪಕ್ಕದಲ್ಲಿ ಕೂರುವವರನ್ನು ಇದನ್ನು ಕೇಳದೆ ಹತ್ತಿಸಬೇಡ" ಎಂದೆ. ಅವಳು ನಕ್ಕಳು. ಬಾಗಿಲಲ್ಲಿ ನಿಂತಿದ್ದ ಅವಳ ತಂದೆ ನಗಲಿಲ್ಲ, ಸುಮ್ಮನೆ ತಲೆಯಾಡಿಸಿದ.

ಹ್ಯಾಂಡ್ ಬ್ರೇಕಿನ ಮೇಲೆ ಕೈಯಿಟ್ಟುಕೊಂಡೇ ಕುಳಿತೆ.